ಇವ್ರಿಗೆ ಕಿಟಕಿ ಪಕ್ಕ

ಕನ್ನಡಕದಮ್ಮನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಅಂಗಡಿಯಲ್ಲಿದ್ದರೆ ಮನೆಯ ಒಲೆ ಆರಿಸಿದೆನೋ ಇಲ್ಲವೋ ಎಂಬ ಚಿಂತೆ. ಓಡಿ ಬಂದು ನೋಡಿದರೆ ಒಲೆ ಆರಿರುತ್ತಿತ್ತು. ಆಗ ಅಂಗಡಿಯ ಬೀಗವನ್ನು ಜಗ್ಗಿ ನೋಡಿದೆನೋ ಇಲ್ಲವೋ ಎಂದು ಮತ್ತೆ ಓಟ. ಮನೆಗೂ ಅಂಗಡಿಗೂ ನಡುವೆ ಇದ್ದದ್ದು ಒಂದು ಬೀದಿ, ಒಂದು ತಿರುವು. ಆ ಬೀದಿಯ ಕಲ್ಲುಗಳು ಆಕೆಯ ಚಪ್ಪಲಿಗೇ ಸವೆದವೆಂದು ಎದುರಂಗಡಿಯ ದರ್ಜಿ ತಮಾಷೆ ಮಾಡುತ್ತಿದ್ದ.

"ಕಾಲಿಗೆ ಚಕ್ರ ಕಟ್ಕೊಂಡಿದ್ದೀರಾ ಅಮ್ಮಾ? ಒಂದು ಗಳಿಗೆ ಕೂತ್ಕೊಳ್ಳಿ, ಚಹಾ ತರಿಸ್ತೀನಿ."

"ಕೂತ್ರೆ ಏಳೋಕಾಗಲ್ಲಪ್ಪ, ಅದಕ್ಕೇ ಕೂರಲ್ಲ" ಎಂದು ಆಕೆ ನಡೆಯುತ್ತಲೇ ಉತ್ತರ ಕೊಡುತ್ತಿದ್ದಳು.

ಯಜಮಾನರು ತೀರಿಹೋಗಿ ಒಂದು ಚಳಿಗಾಲ ಕಳೆದಿತ್ತು. ಗಂಡ ಹೆಂಡತಿ ಇಬ್ಬರೂ ಸೇರಿ ನಡೆಸಿಕೊಂಡು ಬಂದ ಕನ್ನಡಕದ ಅಂಗಡಿ ಅದು. ಕಣ್ಣು ಪರೀಕ್ಷಿಸುವುದು, ಗಾಜಿನ ಅಂಚು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವರ ಕೆಲಸ. ಕಡ್ಡಿ ಬಗ್ಗಿಸುವುದು, ತಿರುಪು ಬಿಗಿಯುವುದು, ಮೂಗಿನ ಮೇಲೆ ವಾಲದಂತೆ ನಿಲ್ಲಿಸುವುದು ಆಕೆಯ ಕೆಲಸ. "ಕಣ್ಣು ನನ್ನ ಪಾಲಿಗೆ, ಕಿವಿ ಮೂಗು ಅವಳ ಪಾಲಿಗೆ" ಎಂದು ಯಜಮಾನರು ಗಿರಾಕಿಗಳಿಗೆ ಹೇಳುತ್ತಿದ್ದರು. ಈಗ ಉಜ್ಜುವ ಯಂತ್ರಕ್ಕೆ ಹಳೆಯ ಮೇಜುಬಟ್ಟೆ ಹೊದಿಸಿತ್ತು. ಗಾಜು ಬೇರೆ ಕಡೆಯಿಂದ ತಯಾರಾಗಿ ಬರುತ್ತಿತ್ತು. ಕಿವಿ ಮೂಗುಗಳನ್ನು ಮಾತ್ರ ಆಕೆ ಇನ್ನೂ ಬಿಟ್ಟುಕೊಟ್ಟಿರಲಿಲ್ಲ.

ಆ ಅಂಗಡಿಯ ಗೋಡೆಯ ಮೇಲೆ ಅಕ್ಷರದ ಹಲಗೆಯ ಪಕ್ಕದಲ್ಲಿ ಒಂದು ನಕ್ಷೆ ತೂಗುತ್ತಿತ್ತು. ಅದು ಸಮುದ್ರದಾಚೆಯ ಒಂದು ದೇಶದ ನಕ್ಷೆ. ಯಜಮಾನರು ಎಂದೋ ಒಂದು ದಿನ ಆ ದೇಶದ ಚಿತ್ರಗಳನ್ನು ನೋಡಿ ಮರುಳಾಗಿದ್ದರು. ಗಿರಾಕಿ ಹಲಗೆಯ ಅಕ್ಷರಗಳನ್ನೆಲ್ಲ ಓದಿ ಮುಗಿಸಿದರೆ, "ಈಗ ಪಕ್ಕದಲ್ಲಿ ನೋಡಿ, ಆ ಬೆಟ್ಟದ ಬುಡದಲ್ಲಿ ಯಾವ ಊರಿದೆ ಓದಿ" ಎನ್ನುತ್ತಿದ್ದರು. ಹೀಗಾಗಿ ಯಾರೂ ಕಾಣದ ಒಂದು ದೇಶದ ಊರುಗಳು ಆ ಬೀದಿಯವರಿಗೆಲ್ಲ ಬಾಯಿಪಾಠವಾಗಿದ್ದವು. ನಕ್ಷೆಯ ಮೇಲೆ ಅವರೇ ಕೆಂಪು ಪೆನ್ಸಿಲಿನಲ್ಲಿ ದಾರಿ ಎಳೆದಿದ್ದರು. ಮೊದಲು ಬೆಟ್ಟದ ಕಾಲುದಾರಿ. ಒಂದು ಗುಡಿಸಲಿನಿಂದ ಇನ್ನೊಂದು ಗುಡಿಸಲಿಗೆ ನಡೆಯುತ್ತ, ಅಲ್ಲಲ್ಲೇ ರಾತ್ರಿ ಕಳೆಯುತ್ತ ಮೇಲಕ್ಕೇರಿ, ಆಚೆ ಮಗ್ಗುಲಿಗೆ ಇಳಿಯುವುದು. ಆಮೇಲೆ ಹಾಳೂರು; ಕಂಬಗಳೂ ಕಲ್ಲಿನ ಬೀದಿಗಳೂ ಮಾತ್ರ ಉಳಿದ ಒಂದು ಹಳೆಯ ಪಟ್ಟಣ. ಕೊನೆಗೆ ಬಂದರು, ಕಾರಂಜಿ, ಚಿತ್ರಶಾಲೆಗಳಿರುವ ದೊಡ್ಡ ಊರುಗಳು.

"ಹಾಳು ನೋಡೋಕೆ ಅಷ್ಟು ದೂರ ಯಾಕೆ? ನಿಮ್ಮ ಮೇಜಿನ ಖಾನೆ ಎಳೆದು ನೋಡಿದ್ರೆ ಸಾಲ್ದಾ?" ಎಂದು ಆಕೆ ಛೇಡಿಸುತ್ತಿದ್ದಳು.

ಯಾರಾದರೂ ಗಿರಾಕಿ 'ದೂರದ ಬೆಟ್ಟ ನುಣ್ಣಗೆ, ಸ್ವಾಮಿ' ಎಂದರೆ ಯಜಮಾನರಿಗೆ ಸಿಟ್ಟು ಬರುತ್ತಿತ್ತು. "ಆ ಗಾದೆ ಕಟ್ಟಿದವನಿಗೆ ದೃಷ್ಟಿ ಮಂದ ಇತ್ತು ಕಣ್ರೀ. ನನ್ನ ಅಂಗಡಿಗೆ ಬಂದಿದ್ರೆ ಬೆಟ್ಟದ ಒಂದೊಂದು ಗುಂಡಿಯೂ ಕಾಣೋ ಹಾಗೆ ಮಾಡಿ ಕಳಿಸ್ತಿದ್ದೆ" ಎನ್ನುತ್ತಿದ್ದರು.

ಕನ್ನಡಕದಮ್ಮ ಗಂಡನ ಹೆಸರು ಹೇಳದ ಕಾಲದವಳು. 'ಇವ್ರು ಊಟಕ್ಕೆ ಬಂದ್ರು', 'ಇವ್ರಿಗೆ ತಲೆನೋವು', 'ಇವ್ರನ್ನ ಕೇಳಿ ಹೇಳ್ತೀನಿ'. ಪಕ್ಕದಲ್ಲಿ ಕೂತಿದ್ದರೂ ಇವ್ರು, ಗಾಜು ತರಲು ಬೇರೆ ಊರಿಗೆ ಹೋಗಿದ್ದರೂ ಇವ್ರು. ಗಂಡ ತೀರಿಕೊಂಡ ಮೇಲೆ ಹೆಂಗಸರ ಬಾಯಲ್ಲಿ ಈ 'ಇವರು' ಎಂಬುದು ತಾನಾಗಿಯೇ 'ಅವರು' ಆಗುತ್ತದೆ. ಯಾರೂ ಹೇಳಿಕೊಡುವುದಿಲ್ಲ. ಇದ್ದವರು ದೂರವಾದರೆಂದು ನಾಲಿಗೆಗೆ ಹೇಗೋ ತಿಳಿದುಬಿಡುತ್ತದೆ. ಈಕೆಯ ನಾಲಿಗೆ ಮಾತ್ರ ಆ ಒಂದು ಅಕ್ಷರವನ್ನು ದಾಟಿರಲಿಲ್ಲ. 'ಇವ್ರಿಗೆ ಸಕ್ಕರೆ ಕಮ್ಮಿ ಹಾಕ್ಬೇಕು' ಎಂದು ಈಗಲೂ ಅಂದುಬಿಡುತ್ತಿದ್ದಳು. ಕೇಳಿದವರು ಮುಖ ಕೆಳಗೆ ಮಾಡಿಕೊಳ್ಳುತ್ತಿದ್ದರು. ಪ್ರಾರ್ಥನೆಗೆ ಕೂತರೂ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು; ಎದ್ದು ಹೋಗಿ ಅಂಗಡಿಯ ಬೀಗ ಜಗ್ಗಿ ಬರುತ್ತಿದ್ದಳು.

ಇದನ್ನೆಲ್ಲ ನೋಡಲಾರದೆ ಒಂದು ದಿನ ಅವಳ ನಾದಿನಿ ಮಾತು ತೆಗೆದಳು. ನಾದಿನಿ ಎಂದರೆ ಯಜಮಾನರ ಒಬ್ಬಳೇ ತಂಗಿ. ಮದುವೆಯ ಗೊಡವೆಗೆ ಹೋಗದೆ ಶಾಲೆಯಲ್ಲಿ ವ್ಯಾಯಾಮ ಕಲಿಸಿ ಆಗತಾನೇ ನಿವೃತ್ತಳಾದವಳು. ಮಕ್ಕಳು ಇಟ್ಟ ಹೆಸರು ಸೀಟಿ ಟೀಚರು. ಕೊರಳಲ್ಲಿ ಸೀಟಿ ಇಲ್ಲದಿದ್ದರೂ ಮಾತು ಈಗಲೂ ಸೀಟಿ ಊದಿದ ಹಾಗೆಯೇ.

"ಅತ್ತಿಗೆ, ನೀನು ಈ ಬೀದೀಲಿ ನಡೆದಿದ್ದನ್ನ ಕೂಡಿಸಿದ್ರೆ ಅಣ್ಣನ ಬೆಟ್ಟ ಹತ್ತಿ ಇಳಿದು ಆಗಿರ್ತಿತ್ತು. ಸುಮ್ನೆ ಇಲ್ಲಿ ಕಾಲು ಸವೆಸೋ ಬದ್ಲು ಅಲ್ಲಿಗೇ ಹೋಗಿ ಸವೆಸೋಣ, ನಡಿ."

"ಅಂಗಡಿ ಯಾರು ನೋಡ್ಕೋತಾರೆ?"

"ನಾನು ಅಂಗಡಿ ಕಾಯ್ತೀನಿ ಅಂತ ತಾನೇ ಇಷ್ಟು ವರ್ಷ ನೀವಿಬ್ಬರೂ ನಕ್ಷೆ ಮೇಲೆ ಗೀಟು ಎಳೀತಾ ಇದ್ದದ್ದು? ನನ್ನನ್ನ ಯಾರಾದ್ರೂ ಒಂದಿನ ಕೇಳಿದ್ರಾ, ನಿನಗೂ ಬೆಟ್ಟ ಬೇಕಾ ಅಂತ? ಚಿಕ್ಕಂದಿನಲ್ಲಿ ಅಣ್ಣನ್ನ ಕಲ್ಲುಗಣಿ ಗುಡ್ಡಕ್ಕೆ ಹತ್ತಿಸಿದ್ದು ನಾನು. ಅವನು ಅರ್ಧಕ್ಕೇ ಅಳ್ತಿದ್ದ."

ಕನ್ನಡಕದಮ್ಮನಿಗೆ ನಗು ಬಂತು. "ಇವ್ರು ಅಳ್ತಿದ್ರಾ?"

"ಸುರ್ರಂತ ಮೂಗಲ್ಲಿ ನೀರು ಸುರಿಸ್ಕೊಂಡು! ಅಂಗಡಿ ಒಂದು ತಿಂಗಳು ಮುಚ್ಚಿದ್ರೆ ಊರೇನು ಕುರುಡಾಗಲ್ಲ. ಮಂಡಿ ಗಟ್ಟಿ ಇರುವಾಗ ಹೋಗ್ಬಿಡೋಣ. ನನ್ನ ಮಂಡಿ ಈಗಲೇ ಕಟಕಟ ಅಂತಿದೆ, ಮುಂದಿನ ವರ್ಷಕ್ಕೆ ಏನು ಹೇಳುತ್ತೋ."

ಹಾಗೆ ಶುರುವಾಯಿತು. ಶುರುವಾಗಿದ್ದೇ ತಡ, ಕನ್ನಡಕದಮ್ಮನ ಓಡಾಟ ಇಮ್ಮಡಿಯಾಯಿತು. ಬೆಳಿಗ್ಗೆ ಬೆಟ್ಟ ಮೊದಲು ಎಂದು ತೀರ್ಮಾನವಾದರೆ ಮಧ್ಯಾಹ್ನದ ಹೊತ್ತಿಗೆ ಹಾಳೂರು ಮುಂದೆ ಬರುತ್ತಿತ್ತು. ಬೆಟ್ಟದ ಮೇಲೆ ಚಳಿ ಇರುತ್ತದೆಂದು ಉಣ್ಣೆಯ ಅಂಗಿ ಚೀಲಕ್ಕೆ ಸೇರುವುದು, ಹಾಳೂರಿನಲ್ಲಿ ಉರಿಬಿಸಿಲೆಂದು ಅದು ಹೊರಗೆ ಬರುವುದು. ಚೀಲ ಒಮ್ಮೆ ಹೊಟ್ಟೆ ತುಂಬಿಕೊಂಡು ಗೋಡೆಗೆ ಒರಗುತ್ತಿತ್ತು, ಒಮ್ಮೆ ಬಡವಾಗಿ ನೆಲಕ್ಕೆ ಬೀಳುತ್ತಿತ್ತು. ಹೊಸ ನಡಿಗೆಯ ಬೂಟು ಹಾಕಿಕೊಂಡೇ ಅಡಿಗೆ ಮಾಡುತ್ತಿದ್ದಳು, ಕಾಲಿಗೆ ಒಗ್ಗಲಿ ಎಂದು. ನಾದಿನಿ ಬಂದಾಗಲೆಲ್ಲ, "ಇವತ್ತು ಯಾವುದು ಮೊದ್ಲು? ಬೆಟ್ಟಾನೋ ಹಾಳೋ?" ಎಂದೇ ಬಾಗಿಲು ತಟ್ಟುತ್ತಿದ್ದಳು.

ಬೆಟ್ಟದ ದಾರಿಗೆ ಬೇಕೆಂದವರೆಲ್ಲ ಹೋಗುವಂತಿರಲಿಲ್ಲ. ಗುಡಿಸಲುಗಳಲ್ಲಿ ಹಾಸಿಗೆ ಎಷ್ಟೋ ಅಷ್ಟೇ ಜನಕ್ಕೆ ಆ ದೇಶದವರು ಪರ್ಮಿಟ್ ಕೊಡುತ್ತಿದ್ದರು. ಅದನ್ನು ಬೇಗ ಹಿಡಿದಿಡಬೇಕು. ನಾದಿನಿಯ ಪಾಸ್‌ಪೋರ್ಟ್ ಹೊಸದಾಗಿ ಬರಬೇಕಿತ್ತು. "ನೀನು ಹೋಗಿ ಇಬ್ಬರಿಗೆ ಅಂತ ಹೇಳಿ ಬಾ, ನನ್ನದು ಬಂದ ತಕ್ಷಣ ನಾನೇ ಕೊಟ್ಟು ಬರ್ತೀನಿ" ಎಂದು ಹೇಳಿ ಅತ್ತಿಗೆಯನ್ನು ಪ್ರವಾಸದ ಕಚೇರಿಗೆ ಕಳಿಸಿದಳು.

ಕಚೇರಿ ಊರಿನ ಆಚೆ ತುದಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗೋಡೆಯ ತುಂಬ ವಿಮಾನಗಳ ಚಿತ್ರ, ಮೂಲೆಯಲ್ಲಿ ಬಾಡಿದ ಒಂದು ಗಿಡ, ಮೇಜಿನ ಹಿಂದೆ ದುಂಡು ಮುಖದ, ಬಾಯ್ತುಂಬ ಮಾತಿನ ಏಜೆಂಟ. ಕನ್ನಡಕದಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ಆತನ ಕನ್ನಡಕ ಎಡಕ್ಕೆ ವಾಲಿತ್ತು. ಅದನ್ನು ಕಂಡ ಕೂಡಲೇ ಆಕೆಯ ಕೈ ತುರಿಸಿತು. ಆತ ಆಕೆಯ ಅಂಗಡಿಯ ಹೆಸರು ಕೇಳಿ ಹಿಗ್ಗಿದ.

"ಅಯ್ಯೋ, ಈ ಕನ್ನಡಕ ಅಲ್ಲೇ ಮಾಡಿಸಿದ್ದು ಅಮ್ಮಾ! ನಾಲ್ಕೈದು ವರ್ಷ ಆಯ್ತೇನೋ. ನಿಮ್ಮ ಯಜಮಾನ್ರು ನನ್ನ ಕೈಲಿ ಅರ್ಧ ನಕ್ಷೆ ಓದಿಸಿ ಕಳಿಸಿದ್ರು. ಆ ದೇಶಕ್ಕೇ ಹೊರಟ್ರಾ ಹಾಗಾದ್ರೆ? ಕೊಡಿ, ಪಾಸ್‌ಪೋರ್ಟ್ ಕೊಡಿ."

ಆಕೆ ಕೈಚೀಲದಿಂದ ಕವರು ತೆಗೆದು ಕೊಟ್ಟಳು. ಅದು ಅವರ ಮನೆಯಲ್ಲಿ ಯಾವಾಗಲೂ ಬೀರುವಿನ ಮೇಲಿನ ಖಾನೆಯಲ್ಲಿರುತ್ತಿದ್ದ ಕವರು. ಅದರಲ್ಲಿ ಎರಡು ಪಾಸ್‌ಪೋರ್ಟ್ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಒಂದನ್ನು ತೆಗೆದಿಡಬೇಕೆಂದು ಆಕೆಗೆ ಹೊಳೆದೇ ಇರಲಿಲ್ಲ. ಆತ ಎರಡನ್ನೂ ಬಿಚ್ಚಿ ಮುಂದಿಟ್ಟುಕೊಂಡ.

"ಇಬ್ಬರೇ ತಾನೇ?"

"ಹೌದು, ಇಬ್ಬರೇ."

"ದಾರಿ ಸ್ವಲ್ಪ ಕಡಿದಾಗಿದೆ. ಯಜಮಾನ್ರಿಗೆ ನಡೆಯೋಕೆ ಆಗುತ್ತಾ?"

"ಇವ್ರಿಗಾ? ಇವ್ರು ಯಾವಾಗ್ಲೂ ನನಗಿಂತ ಮುಂದೆ. ನಾನೇ ಹಿಂದೆ ಉಳಿಯೋದು."

"ವಿಮಾನದಲ್ಲಿ ಸೀಟು?"

"ಇವ್ರಿಗೆ ಕಿಟಕಿ ಪಕ್ಕ. ಬಸ್ಸಾದ್ರೂ ಸರಿ, ರೈಲಾದ್ರೂ ಸರಿ, ಕಿಟಕಿ ಬಿಟ್ಟು ಇವ್ರು ಕೂರಲ್ಲ."

ಆತ ನಗುತ್ತ ಬರೆದುಕೊಂಡ. ಆಕೆಯೂ ನಕ್ಕಳು. ಬುದ್ಧಿ ಕೆಟ್ಟಿತ್ತೆಂದಲ್ಲ, ಮೋಸ ಮಾಡಬೇಕೆಂದೂ ಅಲ್ಲ. ಇಳಿಜಾರಿನಲ್ಲಿ ನೀರು ಹರಿದ ಹಾಗೆ ನಾಲಿಗೆ ತನಗೆ ಗೊತ್ತಿದ್ದ ದಾರಿಯಲ್ಲೇ ಹರಿದುಬಿಟ್ಟಿತ್ತು.

ತಿಳಿದದ್ದು ಹಿಂದಿರುಗುವ ಬಸ್ಸಿನಲ್ಲಿ. ಪಕ್ಕದ ಸೀಟು ಖಾಲಿ ಇತ್ತು. ಬಸ್ಸಿಗೆ ಹತ್ತಿದ ಯಾರೋ, "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳಿದರು. ತಾನು ಮಾಡಿ ಬಂದದ್ದೇನೆಂದು ಆಗ ಕಣ್ಣಿಗೆ ಕಟ್ಟಿತು. ಮುಂದಿನ ನಿಲ್ದಾಣದಲ್ಲೇ ಇಳಿದಳು. ವಾಪಸು ಹೋಗಿ ಹೇಳಿಬಿಡಬೇಕೆಂದು ನಾಲ್ಕು ಹೆಜ್ಜೆ ಹಾಕಿದಳು, ನಿಂತಳು. ನಾಳೆ ಹೇಳಿದರಾಯಿತೆಂದು ಮನೆಯ ಕಡೆ ತಿರುಗಿದಳು.

ಆ ನಾಳೆ ಬರಲಿಲ್ಲ. ಆ ವಾರವೆಲ್ಲ ಆಕೆಗೆ ಒಂದು ಬಗೆಯ ಹುರುಪು, ಒಂದು ಬಗೆಯ ಕಳ್ಳತನದ ದಿಗಿಲು. ದಿಕ್ಕು ತೋರದೆ ನಿಂತಿದ್ದ ಯೋಜನೆ ಈಗ ಸರಸರನೆ ನಡೆಯತೊಡಗಿತು. ಬೆಟ್ಟವೇ ಮೊದಲು ಎಂದು ಗಟ್ಟಿಯಾಯಿತು. ಯಾವ ಗುಡಿಸಲಿನಲ್ಲಿ ನಿಂತರೆ ಬೆಳಗು ಚೆನ್ನಾಗಿ ಕಾಣುತ್ತದೆ, ಹಾಳೂರಿನಲ್ಲಿ ಯಾವ ಕಂಬದ ನೆರಳಿನಲ್ಲಿ ಬುತ್ತಿ ಬಿಚ್ಚಬೇಕು, ಬಂದರಿನ ಊರಿನಲ್ಲಿ ದೀಪಸ್ತಂಭ ಹತ್ತುವುದೋ ಬೇಡವೋ, ಎಲ್ಲವೂ ತೀರ್ಮಾನವಾದವು. ನಾಳೆ ಕಚೇರಿಗೆ ಫೋನು ಮಾಡಬೇಕೆಂದು ಎದ್ದರೆ ಕೈ ಫೋನಿನ ಬದಲು ನಕ್ಷೆಯ ಮೇಲೆ ಹೋಗುತ್ತಿತ್ತು.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನಾದಿನಿ ಅಂಗಡಿಗೆ ಬಂದಳು. ಬೆಟ್ಟವೋ ಹಾಳೋ ಎಂದು ಕೇಳಲಿಲ್ಲ. ಗಿರಾಕಿಗಳು ಕೂರುವ ಎತ್ತರದ ಸ್ಟೂಲಿನ ಮೇಲೆ ಕೂತು, ಕೈಯಲ್ಲಿದ್ದ ಹೊಸ ಪಾಸ್‌ಪೋರ್ಟನ್ನು ಗಾಜಿನ ಮೇಜಿನ ಮೇಲಿಟ್ಟಳು.

"ಕಚೇರಿಗೆ ಹೋಗಿದ್ದೆ" ಎಂದಳು.

ಕನ್ನಡಕದಮ್ಮ ಕೈಯಲ್ಲಿದ್ದ ಪುಟ್ಟ ತಿರುಪುಳಿಯನ್ನು ಕೆಳಗಿಟ್ಟಳು.

"ಜಾಗ ಇಲ್ವಂತೆ ಅತ್ತಿಗೆ. ಪರ್ಮಿಟ್ಟು ಎಲ್ಲ ತುಂಬಿಹೋಗಿದೆಯಂತೆ. 'ನಿಮ್ಮ ಅಣ್ಣ ಅತ್ತಿಗೆಗೆ ಸಿಕ್ಕಿದ್ದೇ ಕೊನೇ ಎರಡು, ನೀವು ಸ್ವಲ್ಪ ಮುಂಚೆ ಬರ್ಬೇಕಿತ್ತು ಮೇಡಂ' ಅಂದ. ನಿಮ್ಮಣ್ಣ ಭಾಳ ಗಟ್ಟಿಗರು, ಅತ್ತಿಗೆಗಿಂತ ಮುಂದೆ ನಡೀತಾರಂತಲ್ಲ ಅಂತ ಬೇರೆ ಹೊಗಳಿದ."

"ಅದು... ನಾನು ಬೇಕಂತ ಹೇಳಿದ್ದಲ್ವೇ. ಬಾಯಿಗೆ ಬಂದುಬಿಡ್ತು."

"ಬಾಯಿಗೆ ಬಂದದ್ದು ಒಂದು ದಿನ. ಆಮೇಲೆ ಒಂದು ವಾರ ಬಾಯಿ ಎಲ್ಲಿಗೆ ಹೋಗಿತ್ತು?"

ಕನ್ನಡಕದಮ್ಮ ಎದ್ದು ಅಕ್ಷರದ ಹಲಗೆಯನ್ನು ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು.

"ನೀನು ಹೇಳಿಬಿಡೋದಲ್ವಾ ಅವನಿಗೆ?" ಎಂದು ಗೋಡೆಯ ಕಡೆಯೇ ತಿರುಗಿ ಕೇಳಿದಳು.

"ನಾನ್ಯಾಕೆ ಹೇಳ್ಲಿ?" ಸೀಟಿ ಟೀಚರ ದನಿ ಬೀದಿಗೂ ಕೇಳುವಷ್ಟು ಏರಿ, ಥಟ್ಟನೆ ಕುಸಿಯಿತು. "ಆಸ್ಪತ್ರೆಯಿಂದ ಹೊರಗೆ ಬಂದು ನೆಂಟರಿಗೆಲ್ಲ ಹೇಳಿದ್ದು ನಾನು. ಬ್ಯಾಂಕಿಗೆ ಹೋಗಿ ಹೇಳಿದ್ದು ನಾನು. ಗಾಜಿನ ಕಂಪನಿಯವರು ಫೋನ್ ಮಾಡಿ ಯಜಮಾನ್ರನ್ನ ಕರೀರಿ ಅಂದಾಗ ನೀನು ನನ್ನ ಕೈಗೆ ಕೊಟ್ಟೆ, ಅದನ್ನೂ ನಾನೇ ಹೇಳ್ದೆ. ಒಂದೊಂದು ಸಲ ಹೇಳ್ದಾಗಲೂ ನನ್ನ ಅಣ್ಣ ಇನ್ನೊಂದು ಸಲ ಸಾಯ್ತಾನೆ ಕಣತ್ತಿಗೆ. ಇನ್ನು ನನ್ನ ಕೈಲಾಗಲ್ಲ. ಒಂದು ಸಲ, ಒಂದೇ ಒಂದು ಸಲ, ನೀನು ಹೇಳು."

ಬೀದಿಯಲ್ಲಿ ಯಾರೋ ಗಾಡಿ ತಳ್ಳಿಕೊಂಡು ಹೋದರು. ಗಾಜಿನ ಕಪಾಟಿನಲ್ಲಿ ಸಾಲಾಗಿಟ್ಟ ಚೌಕಟ್ಟುಗಳು ಸಣ್ಣಗೆ ಅಲುಗಿ ನಿಂತವು.

"ಇವತ್ತು ಸಂಜೆಗೆ ಹೆಸರೆಲ್ಲ ಆ ದೇಶಕ್ಕೆ ಕಳಿಸಿಬಿಡ್ತಾನಂತೆ" ಎಂದು ನಾದಿನಿ ಎದ್ದಳು. "ಆಮೇಲೆ ಬದಲಾಯಿಸೋಕಾಗಲ್ಲ. ಅಣ್ಣನಿಗೆ ಕೊಟ್ಟ ಜಾಗ ನಾನು ಕಿತ್ಕೊಳ್ಳೋಳಲ್ಲ. ಬೇಕಿದ್ರೆ ನೀವಿಬ್ಬರೇ ಹೋಗಿ ಬನ್ನಿ. ನಾನು ಇದ್ದೇನಲ್ಲ, ಅಂಗಡಿ ಕಾಯೋಕೆ."

ಹೊರಟೇ ಹೋದಳು. ಪಾಸ್‌ಪೋರ್ಟ್ ಮಾತ್ರ ಮೇಜಿನ ಮೇಲೇ ಉಳಿಯಿತು. ಮರೆತು ಬಿಟ್ಟಳೋ, ಬೇಕೆಂದೇ ಬಿಟ್ಟಳೋ, ದೇವರಿಗೇ ಗೊತ್ತು.

ಕನ್ನಡಕದಮ್ಮ ಅಂಗಡಿಯಲ್ಲಿ ಆ ಮೂಲೆಯಿಂದ ಈ ಮೂಲೆಗೆ ನಡೆದಳು. ಗಿರಾಕಿಯೊಬ್ಬರು ಬಂದು ಕಡ್ಡಿ ಸಡಿಲವಾಗಿದೆ ಎಂದರು, ಬಿಗಿದು ಕೊಟ್ಟಳು. ಯಂತ್ರದ ಮೇಲಿನ ಮೇಜುಬಟ್ಟೆ ತೆಗೆದಳು, ಮತ್ತೆ ಹೊದಿಸಿದಳು. ತಾನು ಹೇಳಬೇಕಾದದ್ದು ಎರಡೇ ಮಾತು. ಅದನ್ನು ಮನಸ್ಸಿನಲ್ಲಿ ಹೇಳಿಕೊಂಡು ನೋಡಿದಳು. ಮನಸ್ಸಿನಲ್ಲೂ ಅದು ಅರ್ಧಕ್ಕೇ ನಿಲ್ಲುತ್ತಿತ್ತು. ಹೇಳದಿದ್ದರೆ ಬೆಟ್ಟದ ಮೇಲಿನ ಗುಡಿಸಲಿನಲ್ಲಿ ಯಜಮಾನರ ಹೆಸರಿನ ಒಂದು ಹಾಸಿಗೆ ಖಾಲಿ ಇರುತ್ತದೆ. ಅದರ ಪಕ್ಕದಲ್ಲಿ ತಾನೊಬ್ಬಳೇ ಮಲಗಬೇಕು. ಹೇಳಿದರೆ ಆ ಹೆಸರನ್ನು ತನ್ನ ಬಾಯಿಂದಲೇ ಹೊಡೆಸಿಹಾಕಿದ ಹಾಗಾಗುತ್ತದೆ. 'ದೇವರೇ, ಯಾವುದಾದರೂ ಒಂದು ಮಾತು ಬಾಯಿಗೆ ಬರುವ ಹಾಗೆ ಮಾಡಪ್ಪ' ಎಂದು ಬೇಡಿಕೊಂಡು, ನಾದಿನಿಯ ಪಾಸ್‌ಪೋರ್ಟನ್ನು ಕೈಚೀಲಕ್ಕೆ ಹಾಕಿಕೊಂಡು ಬಾಗಿಲಿಗೆ ಬೀಗ ಹಾಕಿದಳು. ಬೀಗ ಜಗ್ಗಿ ನೋಡಲು ಮರೆತು ಬಸ್ಸು ಹತ್ತಿದಳು.

ಕಚೇರಿಯಲ್ಲಿ ಆತ ಫೋನಿನಲ್ಲಿ ಯಾರೊಂದಿಗೋ ಸಾಮಾನಿನ ತೂಕದ ಬಗ್ಗೆ ಜಗಳವಾಡುತ್ತಿದ್ದ. ಆಕೆಯನ್ನು ಕಂಡು ಕುರ್ಚಿ ತೋರಿಸಿದ. ಆಕೆ ಕೂರಲಿಲ್ಲ. ಫೋನಿಟ್ಟ ಮೇಲೆ ಹಲ್ಲು ಬಿಟ್ಟು ಕೇಳಿದ:

"ಬನ್ನಿ ಅಮ್ಮಾ. ಬೂಟು ಒಗ್ಗಿತಾ ಕಾಲಿಗೆ?"

"ಒಂದು ಹೆಸರು ಬದಲಾಯಿಸ್ಬೇಕಿತ್ತು. ಇವ್ರ ಹೆಸರು ತೆಗೆದು ನಾದಿನಿ ಹೆಸರು ಹಾಕಿ."

"ಯಾಕಮ್ಮಾ? ಯಜಮಾನ್ರು ಬರಲ್ವಾ?"

"ಬರಲ್ಲ."

"ಹುಷಾರಿಲ್ವಾ? ಡಾಕ್ಟರ ಚೀಟಿ ಒಂದು ತನ್ನಿ, ಸ್ವಲ್ಪ ದಿನ ತಡೆಹಿಡಿಯೋಕೆ ಹೇಳ್ತೀನಿ. ಅಂಥ ಮನುಷ್ಯರು ಬರದಿದ್ರೆ ಹೇಗೆ? ನಕ್ಷೆಯೆಲ್ಲ ಬಾಯಿಪಾಠ ಅವ್ರಿಗೆ."

"ಡಾಕ್ಟರದು ಎಲ್ಲ ಮುಗೀತು. ಇವ್ರು... ಇಲ್ಲ."

"ಊರಲ್ಲಿಲ್ವಾ? ಅಯ್ಯೋ, ಅವರೇ ಬರಬೇಕು ಅಂತೇನಿಲ್ಲ. ಬಂದ ಮೇಲೆ ಒಂದು ಸಹಿ ಹಾಕಿಸಿ ಕೊಟ್ರೆ ಸಾಕು. ಯಾವಾಗ ಬರ್ತಾರೆ?"

ಕನ್ನಡಕದಮ್ಮ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಹಾಗಲ್ಲ. ಇವ್ರು ಹೋಗ್ಬಿಟ್ರು."

ಆತನ ಹುಬ್ಬು ಮೇಲೇರಿತು. "ಹೋಗ್ಬಿಟ್ರಾ? ನಿಮ್ಮನ್ನ ಬಿಟ್ಟು ಮೊದಲೇ ಹೋಗ್ಬಿಟ್ರಾ? ಮುಂದೆ ನಡೀತಾರೆ ಅಂತ ನೀವೇ ಹೇಳಿದ್ರಿ, ಆದ್ರೆ ಇಷ್ಟು ಮುಂದೆ ಅಂತ ಗೊತ್ತಿರಲಿಲ್ಲ! ಯಾವ ಕಚೇರಿಯವರು ಕಳಿಸಿದ್ದು? ಪಾಸ್‌ಪೋರ್ಟ್ ಇಲ್ಲೇ ಇದೆಯಲ್ಲ?"

"ಅಲ್ಲಿಗೆ ಪಾಸ್‌ಪೋರ್ಟ್ ಬೇಡ."

"ಪಾಸ್‌ಪೋರ್ಟ್ ಬೇಡದ ದೇಶ ಯಾವುದಮ್ಮಾ?" ಆತ ನಿಜವಾಗಿಯೂ ತಲೆ ಕೆರೆದುಕೊಂಡ. ಇಪ್ಪತ್ತು ವರ್ಷ ಜನರನ್ನು ದೇಶದೇಶಕ್ಕೆ ಕಳಿಸಿದವನಿಗೆ ತನಗೆ ತಿಳಿಯದ ಒಂದು ಜಾಗ ಇದೆಯೆಂದರೆ ಅವಮಾನವಾದಂತಿತ್ತು. "ಸರಿ, ಹೋಗಲಿ ಬಿಡಿ. ವಾಪಸ್ ಟಿಕೆಟ್ಟು ಯಾವತ್ತಿಗೆ?"

"ವಾಪಸ್ ಬರಲ್ಲ."

"ಅಲ್ಲೇ ಇದ್ದುಬಿಡ್ತಾರಾ?"

ಆಗ ಕನ್ನಡಕದಮ್ಮನಿಗೆ ನಗು ಬಂತು. ಮೊದಲು ಹೊಟ್ಟೆಯಲ್ಲಿ ಸಣ್ಣಗೆ ಅಲುಗಿತು, ತಡೆಯಲು ನೋಡಿದಳು, ಆಗಲಿಲ್ಲ. ಹೋದರು, ಇಲ್ಲ, ವಾಪಸು ಬರುವುದಿಲ್ಲ. ಸಾವಿನ ಮಾತುಗಳೆಲ್ಲ ಪ್ರಯಾಣದ ಮಾತುಗಳೇ. ಬೇರೆಯವರಾದರೆ ಮೊದಲ ಮಾತಿಗೇ ತಲೆ ತಗ್ಗಿಸುತ್ತಿದ್ದರು. ಈತನಿಗೆ ಪ್ರಯಾಣದ ಹೊರತು ಬೇರೇನೂ ಕೇಳಿಸುತ್ತಿಲ್ಲ. ಯಜಮಾನರು ಪಕ್ಕದಲ್ಲಿದ್ದಿದ್ದರೆ ಮೇಜು ಬಡಿದು ನಗುತ್ತಿದ್ದರು, ಮನೆಗೆ ಬರುವ ದಾರಿಯುದ್ದಕ್ಕೂ 'ಪಾಸ್‌ಪೋರ್ಟ್ ಬೇಡದ ದೇಶ ಯಾವುದಮ್ಮಾ' ಎಂದು ಅಣಕಿಸುತ್ತಿದ್ದರು. ಅವರಿಗೆ ಇದನ್ನು ಹೇಳಬೇಕು ಎಂದುಕೊಂಡಳು. ಹೇಳಲಾಗುವುದಿಲ್ಲ ಎಂಬುದು ಆ ನಗುವಿನ ಬೆನ್ನಿಗೇ ಬಂತು. ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು. ಬಾಯಿ ಇನ್ನೂ ನಗುತ್ತಲೇ ಇತ್ತು.

"ಅವರು ತೀರಿಕೊಂಡ್ರು" ಎಂದಳು. "ಹೋದ ವರ್ಷ. ಅವರು ತೀರಿಕೊಂಡು ಒಂದು ಚಳಿಗಾಲ ಆಯ್ತು."

ಆತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಕನ್ನಡಕವಿಲ್ಲದ ಆ ದುಂಡು ಮುಖ ಬೈಸಿಕೊಂಡ ಮಗುವಿನ ಮುಖದಂತೆ ಕಂಡಿತು.

"ಕ್ಷಮಿಸಿ ಅಮ್ಮಾ. ನಾನೊಬ್ಬ ಕತ್ತೆ. ಏನೇನೋ ಮಾತಾಡಿಬಿಟ್ಟೆ."

"ನೀವಲ್ಲಪ್ಪ, ನಾನೇ ಸರಿಯಾಗಿ ಹೇಳಲಿಲ್ಲ."

ಕನ್ನಡಕದಮ್ಮ ಕುರ್ಚಿಗೆ ಒರಗಿ ಕೂತಳು, ಮೇಜಿನ ಮೇಲಿದ್ದ ಆತನ ಕನ್ನಡಕವನ್ನು ಕೈಗೆತ್ತಿಕೊಂಡಳು. ಎಡಗಡೆಯ ಕಡ್ಡಿಯನ್ನು ಹೆಬ್ಬೆರಳಿನಿಂದ ಒತ್ತಿ ಸ್ವಲ್ಪ ಹೊರಕ್ಕೆ ಬಗ್ಗಿಸಿದಳು, ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದಿಷ್ಟು ಒತ್ತಿದಳು. ಗಾಜಿನ ಅಂಚು ಚೌಕಟ್ಟಿಗೆ ಕೂದಲು ತೂರದಷ್ಟು ಒತ್ತಾಗಿ ಕೂತಿತ್ತು. ಅದು ಅವರ ಕೈಕೆಲಸ. ಸೆರಗಿನಿಂದ ಒರೆಸಿ ವಾಪಸು ಕೊಟ್ಟಳು.

"ಒಂದೇ ಮಗ್ಗುಲಿಗೆ ಮಲಗ್ಕೊಂಡು ಓದ್ತೀರಾ ಅಂತ ಕಾಣುತ್ತೆ. ಹಾಗೆ ಓದ್ಬೇಡಿ, ಕಡ್ಡಿ ವಾಲುತ್ತೆ."

ಆತ ಕನ್ನಡಕ ಹಾಕಿಕೊಂಡು ಮೂಗು ಎಳೆದುಕೊಂಡ. ಆಕೆ ಕೊಟ್ಟ ನಾದಿನಿಯ ಪಾಸ್‌ಪೋರ್ಟ್ ತೆಗೆದುಕೊಂಡು ಹೆಸರು ಬದಲಾಯಿಸಿದ. ಯಜಮಾನರ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಆಕೆಯ ಮುಂದಿಟ್ಟ. ಆಮೇಲೆ ಹೆದರುತ್ತ ಹೆದರುತ್ತ ಕೇಳಿದ:

"ಸೀಟು... ಕಿಟಕಿ ಪಕ್ಕದ್ದು ನಾದಿನಿಯವರಿಗೇ ಹಾಕ್ಲಾ?"

"ಹಾಕಿ" ಎಂದಳು. ಆತ ಬರೆಯಲು ಹೋದಾಗ, "ಇರಿ" ಎಂದಳು. ಮದುವೆಯಾಗಿ ಬಂದ ದಿನದಿಂದ ಯಾವ ಬಸ್ಸಿನಲ್ಲೂ ಯಾವ ರೈಲಿನಲ್ಲೂ ಆಕೆ ಕಿಟಕಿಯ ಪಕ್ಕ ಕೂತಿರಲಿಲ್ಲ. ಬೇಕು ಎಂದು ಅನ್ನಿಸಿಯೂ ಇರಲಿಲ್ಲ. "ಬೇಡ. ನನಗೇ ಇರಲಿ."

ಅಂದು ಸಂಜೆ ನಾದಿನಿಯ ಮನೆಯ ಬಾಗಿಲು ತಟ್ಟಿದಾಗ ಒಳಗಿನಿಂದ, "ಅಂಗಡಿ ಕಾಯೋರು ಮನೇಲಿಲ್ಲ" ಎಂಬ ಉತ್ತರ ಬಂತು.

"ಬೆಟ್ಟ ಹತ್ತೋರು ಇದ್ದಾರಾ?"

ಚಿಲುಕ ಸರಿಯಿತು. ನಾದಿನಿಯ ಕಣ್ಣು ಕೆಂಪಾಗಿತ್ತು. ಈರುಳ್ಳಿ ಹೆಚ್ಚುತ್ತಿದ್ದೆ ಎಂದಳು. ಅಡಿಗೆಮನೆಯಲ್ಲಿ ಈರುಳ್ಳಿಯ ಸುಳಿವೂ ಇರಲಿಲ್ಲ. ಕನ್ನಡಕದಮ್ಮ ಆಕೆಯ ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟಳು.

"ಜಾಗ ಸಿಕ್ತು. ನಿನಗೇನೆ."

"ಏನಂತ ಹೇಳ್ದೆ ಅವನಿಗೆ?"

"ಇದ್ದದ್ದು ಹೇಳ್ದೆ."

ನಾದಿನಿ ಅತ್ತಿಗೆಯ ಮುಖವನ್ನೇ ನೋಡಿದಳು. ಹೆಚ್ಚು ಕೇಳಲು ಧೈರ್ಯವಾಗದೆ ಮಾತು ತಿರುಗಿಸಿದಳು. "ಕಿಟಕಿ ಪಕ್ಕ ಯಾರಿಗೆ?"

"ನನಗೆ."

"ನಿನಗಾ? ಅಣ್ಣ ಇದ್ದಿದ್ರೆ..."

"ಅವರು ಇದ್ದಿದ್ರೆ ಅವರಿಗೆ. ಈಗ ನನಗೆ."

ಒಲೆಯ ಮೇಲೆ ಚಹಾ ಉಕ್ಕಿತು. ನಾದಿನಿ ತಿರುಗಿ ಅದನ್ನು ಇಳಿಸಿದಳು, ಅಲ್ಲೇ ಬೆನ್ನು ಹಾಕಿ ತುಸು ಹೊತ್ತು ನಿಂತಳು. ಬಟ್ಟಲು ತಂದು ಕೊಡುವಾಗ, "ಸರಿ ಬಿಡು, ಹೋಗ್ತಾ ನಿನಗೆ, ಬರ್ತಾ ನನಗೆ" ಎಂದಳು. "ಬಿಟ್ಟುಕೊಡಲ್ಲ, ಹೇಳಿರ್ತೀನಿ."

ಮರುದಿನ ಬೆಳಿಗ್ಗೆ ಕನ್ನಡಕದಮ್ಮ ಪ್ರಾರ್ಥನೆಗೆ ಕೂತಳು. ಆ ಹೊತ್ತು ಬೀಗದ ಚಿಂತೆ ಬರಲಿಲ್ಲ. ಒಲೆಯ ಚಿಂತೆ ಬಂತು, ಬಂದದ್ದನ್ನು ತಡೆದಳು. 'ದೇವರೇ, ಇವ್ರನ್ನ ಚೆನ್ನಾಗಿ ನೋಡ್ಕೋ. ಚಹಾಕ್ಕೆ ಸಕ್ಕರೆ ಕಮ್ಮಿ' ಎಂದು ಬೇಡಿಕೊಂಡಳು. ನಾಲಿಗೆ ಮತ್ತೆ ಹಳೆಯ ದಾರಿಗೇ ಇಳಿಯಿತಲ್ಲ ಎಂದು ಒಂದು ಗಳಿಗೆ ಗಾಬರಿಯಾಯಿತು. ಆಮೇಲೆ, ತಪ್ಪೇನಿದೆ, ದೇವರ ಹತ್ತಿರ ಹೇಳುವಾಗ 'ಇವ್ರು' ಎನ್ನುವುದೇ ಸರಿ ಎಂದು ತೋರಿತು. ಅವನಿಗೆ ಈಗ ಹತ್ತಿರದವರು ಅವರೇ ಅಲ್ಲವೇ?

ಬೂಟು ಕಟ್ಟಿಕೊಂಡು ಹೊರಗೆ ಬಂದಾಗ ನಾದಿನಿ ಗೇಟಿನ ಹತ್ತಿರ ನಿಂತು ಸೊಂಟ ಬಗ್ಗಿಸಿ ಕೈಕಾಲು ಸಡಿಲ ಮಾಡಿಕೊಳ್ಳುತ್ತಿದ್ದಳು. ಊರ ಹೊರಗಿನ ನೀರಿನ ಟ್ಯಾಂಕಿನ ಗುಡ್ಡಕ್ಕೆ ಮೆಟ್ಟಿಲುಗಳಿದ್ದವು. ಬೆಟ್ಟಕ್ಕೆ ಹೋಗುವ ಮೊದಲು ದಿನಾ ಅದನ್ನು ಹತ್ತಿ ಇಳಿಯಬೇಕೆಂದು ಸೀಟಿ ಟೀಚರ ಅಪ್ಪಣೆಯಾಗಿತ್ತು. ಅಂಗಡಿಯ ಮುಂದೆ ಹಾದುಹೋಗುವಾಗ ಎದುರಂಗಡಿಯ ದರ್ಜಿ ಕತ್ತರಿ ಹಿಡಿದು ಹೊರಗೆ ಬಂದು ಕೇಳಿದ: "ಏನಮ್ಮಾ, ಇವತ್ತು ಚಕ್ರ ಎತ್ತ ಕಡೆಗೆ?"

"ಬೆಟ್ಟಕ್ಕಪ್ಪ" ಎಂದಳು ಕನ್ನಡಕದಮ್ಮ. "ಹಾಳು ಆಮೇಲೆ. ಅವರು ಹೇಳಿದ ಹಾಗೆ."

ದರ್ಜಿಯ ಕತ್ತರಿ ಅರ್ಧಕ್ಕೇ ನಿಂತಿತು. ಆತ ತಲೆಯಾಡಿಸಿ ಒಳಗೆ ಹೋದ.

ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಆಕೆಗೆ ಏದುಸಿರು ಬಂತು. ಹೊಸ ಬೂಟು ಹಿಮ್ಮಡಿ ಕಚ್ಚುತ್ತಿತ್ತು. ಕಟಕಟ ಎನ್ನುವ ಮಂಡಿಯ ನಾದಿನಿ ಮಾತ್ರ ಹಿಂದೆ ತಿರುಗದೆ ಮೇಲೇರಿ ಹೋಗಿದ್ದಳು. ಆ ವಂಶದವರೇ ಹಾಗೆ, ಮುಂದೆ ನಡೆಯುವವರು. ಕನ್ನಡಕದಮ್ಮ ಕಂಬಿ ಹಿಡಿದು ನಿಂತು ಕೆಳಗೆ ನೋಡಿದಳು. ಬೀದಿ, ತಿರುವು, ಅಂಗಡಿಯ ತಗಡಿನ ಮಾಡು ಎಲ್ಲ ಕಾಣುತ್ತಿದ್ದವು. ಬೀಗ ಹಾಕಿದೆನಲ್ಲವೇ?

"ಬರ್ತೀಯೋ, ನಾನೇ ಕೆಳಗೆ ಇಳೀಲೋ?" ಎಂದು ಮೇಲಿನಿಂದ ದನಿ ಬಂತು.

"ಬಂದೆ ಇರೇ, ಬಂದೆ" ಎಂದು ಆಕೆ ಸೆರಗು ಸಿಕ್ಕಿಸಿಕೊಂಡು ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು.